ಗೋದಾಮಕ್ಕನ ಮನೆಯ ಗಂಡಸು

ನಮ್ಮ ಬ್ಲಾಕಿನಲ್ಲಿ ಕಾಗದದ ಪ್ರಕಾರ ಐದು ಜನ ಒಂಟಿ ಹೆಂಗಸರು. ನಿಜವಾಗಿ ಒಂಟಿಯಾಗಿದ್ದವಳು ಒಬ್ಬಳೇ. ನನ್ನ ಗಂಡ, ಒಂಟಿ ಹೆಂಗಸರಿಗೆ ಭತ್ಯೆ ಕೊಡುವ ಕಚೇರಿಯ ಕಡತದಲ್ಲಿ ನನ್ನನ್ನು ಬಿಟ್ಟು ಓಡಿಹೋಗಿ ಆರು ವರ್ಷವಾಗಿತ್ತು, ಮನೆಯಲ್ಲಿ ಮಾತ್ರ ದಿನವೂ ಗೋಡೆ ಅದುರುವ ಹಾಗೆ ಗೊರಕೆ ಹೊಡೆಯುತ್ತಿದ್ದ. ಮೂಟೆ ಹೊತ್ತು ಹೊತ್ತು ಅವನ ಸೊಂಟ ಬಿದ್ದುಹೋಗಿತ್ತು. ಗಂಡ ಇದ್ದಾನೆ ಎಂದರೆ ಸಂಬಳವೂ ಇರಲೇಬೇಕು ಎಂಬುದು ಕಚೇರಿಯವರ ನಂಬಿಕೆ. ಇಂಥವರ ಮುಂದೆ ಸತ್ಯ ಹೇಳಿಕೊಂಡು ಉಪವಾಸ ಬೀಳಲು ನಮಗೇನು ಹುಚ್ಚೇ? ಅವರು ಚಾಪೆ ಕೆಳಗೆ ತೂರಿದರೆ ನಾವು ರಂಗೋಲಿ ಕೆಳಗೆ ತೂರುತ್ತಿದ್ದೆವು.

ನಿಜವಾಗಿ ಒಂಟಿಯಾಗಿದ್ದವಳನ್ನು ನಾವು ಗೋದಾಮಕ್ಕ ಎಂದು ಕರೆಯುತ್ತಿದ್ದೆವು. ನಾಲ್ಕನೇ ಮಹಡಿಯಲ್ಲಿ, ನನ್ನ ಬಾಗಿಲಿನ ಎದುರು ಬಾಗಿಲು ಅವಳದು. ಗಂಡ ಗೋಡೆಗೆ ಬಣ್ಣ ಹೊಡೆಯುವವನಾಗಿದ್ದು ಕಟ್ಟಡಕ್ಕೆ ಕಟ್ಟಿದ ಸಾರುವೆಯಿಂದ ಬಿದ್ದು ತೀರಿಕೊಂಡಿದ್ದ. ಮಕ್ಕಳಿರಲಿಲ್ಲ. ವಯಸ್ಸು ಅರವತ್ತರ ಹತ್ತಿರ. ಒಂದು ದೊಡ್ಡ ಆಫೀಸಿನ ನೆಲ ಒರೆಸುವ ಕೆಲಸಕ್ಕೆ ಗುತ್ತಿಗೆದಾರನ ಕಡೆಯಿಂದ ಹೋಗುತ್ತಿದ್ದಳು. ಆಫೀಸಿನವರು ಬರುವಷ್ಟರಲ್ಲಿ ಇವರೆಲ್ಲ ಬಕೆಟ್ಟು ತೊಳೆದಿಟ್ಟು ಹಿಂದಿನ ಬಾಗಿಲಿನಿಂದ ಹೊರಗೆ ಬಿದ್ದಿರಬೇಕು, ಅದು ಕಟ್ಟಪ್ಪಣೆ. ಹಾಗಾಗಿ ಹತ್ತು ವರ್ಷ ದುಡಿದರೂ ಅಲ್ಲಿನ ಒಬ್ಬರ ಮುಖವನ್ನೂ ಅವಳು ನೋಡಿರಲಿಲ್ಲ. ಆದರೆ ಕುರ್ಚಿಗಳ ಪರಿಚಯ ಚೆನ್ನಾಗಿತ್ತು. ಮೆಟ್ಟಿಲಲ್ಲಿ ಸಿಕ್ಕರೆ, "ಕಿಟಕಿ ಪಕ್ಕದ ಸೀಟಿನವಳಿಗೆ ನೆಗಡಿ ಇನ್ನೂ ಬಿಟ್ಟಿಲ್ಲ ಕಣೆ, ಬುಟ್ಟಿ ತುಂಬ ಮೂಗು ಒರೆಸಿದ ಕಾಗದ," ಎಂದು ಸ್ವಂತ ತಂಗಿಯ ಸುದ್ದಿಯಂತೆ ಹೇಳುತ್ತಿದ್ದಳು. ನಾನು "ಹೌದಾ ಅಕ್ಕ" ಎಂದು ಒಳಗೆ ಹೋಗುತ್ತಿದ್ದೆ. ಹೊಲಿದ ಅಂಗಿಗಳ ಹೆಚ್ಚುವರಿ ದಾರ ಕತ್ತರಿಸುವ ಕೆಲಸ ನನ್ನದು. ಸಂಜೆಯೊಳಗೆ ಕಟ್ಟು ಮುಗಿಸಿ ಕೊಡದಿದ್ದರೆ ಮರುದಿನ ಬೇರೆಯವರ ಪಾಲು.

ಗೋದಾಮು ಎಂಬ ಹೆಸರು ಬಂದದ್ದು ಹೀಗೆ. ಆರು ತಿಂಗಳಿಗೊಮ್ಮೆ ಕಚೇರಿಯಿಂದ ತನಿಖೆಯವರು ಬರುತ್ತಿದ್ದರು. ಅವರು ಗೇಟು ದಾಟಿದ ಕೂಡಲೆ ನೆಲಮಹಡಿಯ ಅಜ್ಜಿ ನೀರಿನ ಪೈಪಿಗೆ ಸೌಟಿನಿಂದ ಮೂರು ಸಲ ಬಡಿಯುತ್ತಿದ್ದಳು. ಆ ಪೈಪು ಎಲ್ಲ ಮನೆಗಳ ಬಚ್ಚಲಿನ ಮೂಲಕ ಮೇಲಕ್ಕೆ ಹೋಗುತ್ತದೆ. ಸದ್ದು ಕೇಳಿದ್ದೇ ತಡ, ಗಂಡಂದಿರು ಹಿಂದಿನ ಮೆಟ್ಟಿಲು ಇಳಿದು ಪರಾರಿ, ನನ್ನವನೂ ಸೊಂಟ ಹಿಡಿದುಕೊಂಡು. ಅವರ ಚಪ್ಪಲಿ, ಪ್ಯಾಂಟು, ಗಡ್ಡದ ಬ್ಲೇಡು, ಹೆಲ್ಮೆಟ್ಟು ಎಲ್ಲ ಬಕೆಟ್ಟಿಗೆ ತುಂಬಿಕೊಂಡು ನಾವು ನಾಲ್ವರೂ ಗೋದಾಮಕ್ಕನ ಮನೆಗೆ ಓಡುತ್ತಿದ್ದೆವು. ತನಿಖೆಯವರು ಕೆಳಗಿನಿಂದ ಒಂದೊಂದೇ ಮಹಡಿ ನೋಡಿಕೊಂಡು ಬರುತ್ತಿದ್ದರು. ಅವರು ಮೇಲೆ ಬರುವಷ್ಟರಲ್ಲಿ ಕೆಳಗಿನವರ ಸಾಮಾನು ಹಿಂದಿನ ಮೆಟ್ಟಿಲಿನಿಂದ ಕೆಳಗೆ ಇಳಿದಿರುತ್ತಿತ್ತು. ಕೊನೆಗೆ ಉಳಿದ ನನ್ನ ಬಕೆಟ್ಟು ಅವಳ ಮಂಚದ ಕೆಳಗೆ. ಅವಳ ಬಾಗಿಲಲ್ಲಿ ಅವರು ಒಳಗೂ ಬರದೆ ಸಹಿ ಹಾಕಿಸಿಕೊಂಡು ಹೋಗುತ್ತಿದ್ದರು. ಅವಳು ಒಂಟಿ ಎಂಬುದು ಕಚೇರಿಯ ಗೋಡೆಗೂ ಗೊತ್ತಿತ್ತು.

ತನಿಖೆಯ ದಿನ ಅವಳ ಮುಖ ನೋಡಬೇಕಿತ್ತು. ನಾವು ಎಸೆದು ಓಡಿದ ಪ್ಯಾಂಟುಗಳನ್ನು ಮಡಿಸಿ ಇಡುತ್ತಿದ್ದಳು. ಚಪ್ಪಲಿಗಳನ್ನು ಬಾಗಿಲ ಒಳಗೆ ಸಾಲಾಗಿ ಜೋಡಿಸುತ್ತಿದ್ದಳು. ವಾಪಸು ತೆಗೆದುಕೊಳ್ಳಲು ಹೋದಾಗ, "ಒಂದ್ನಿಮಿಷ ಕೂತ್ಕೊಂಡು ಹೋಗ್ರೆ, ಏನ್ ಹಿಂದೆ ಹುಲಿ ಬಂದಿದೆಯಾ," ಎನ್ನುತ್ತಿದ್ದಳು. ನಮಗೆ ಯಾವತ್ತೂ ಪುರುಸೊತ್ತು ಇರಲಿಲ್ಲ. ಗಂಡಸರ ಮುಂದೆ ಅವಳ ಚಪ್ಪಲಿ ಸಾಲಿನ ಕಥೆ ಹೇಳಿ ನಾವು ನಕ್ಕದ್ದೂ ಉಂಟು.

ಒಂದು ಸಲ ಹಳಬರು ವರ್ಗವಾಗಿ ಹೊಸಬರು ಬಂದರು. ಅಜ್ಜಿ ಪೈಪು ಬಡಿದಳು, ನಾವು ಎಂದಿನಂತೆ ಸಾಮಾನು ಸಾಗಿಸಿದೆವು. ಹೊಸಬರು ಮಂಡಿನೋವಿನ ಮನುಷ್ಯ. ಮೊದಲು ಏರಿಬಿಟ್ಟರೆ ಆಮೇಲೆ ಇಳಿಯುವುದು ಸುಲಭ ಎಂದುಕೊಂಡು ನೇರವಾಗಿ ನಾಲ್ಕನೇ ಮಹಡಿಗೇ ಬಂದರು. ನಾವು ನಾಲ್ವರೂ ಇನ್ನೂ ಅವಳ ಬಾಗಿಲಲ್ಲೇ ನಿಂತಿದ್ದೆವು. 

ಅವರು ಒಳಗೆ ಇಣುಕಿದರು. ನಾಲ್ಕು ಜೊತೆ ಚಪ್ಪಲಿ ಶಾಲೆಯ ಮಕ್ಕಳ ಹಾಗೆ ಸಾಲಾಗಿದ್ದವು.

"ಇವೆಲ್ಲ ಯಾರದ್ದಮ್ಮ?"

"ಒಬ್ಬರದ್ದೇ ಸಾರ್," ಎಂದಳು ಗೋದಾಮಕ್ಕ.

"ಒಬ್ಬರಿಗೆ ನಾಲ್ಕು ಅಳತೆಯ ಚಪ್ಪಲಿನಾ?"

"ಕಾಲು ಊದುತ್ತೆ ಸಾರ್. ಒಂದೊಂದಿನ ಒಂದೊಂದು ಥರ."

ನಮ್ಮಲ್ಲೊಬ್ಬಳಾದ ಇಸ್ತ್ರಿಯವಳು ನಗು ತಡೆಯಲಾಗದೆ ಸೆರಗು ಬಾಯಿಗೆ ತುರುಕಿಕೊಂಡಳು. ತನಿಖೆಯವರು ನಗಲಿಲ್ಲ. ಕಡತ ತಿರುವಿದರು. ಕೆಟ್ಟ ಮನುಷ್ಯರೇನಲ್ಲ, ಅವರಿಗೆ ಆಗಲೇ ಎಲ್ಲ ಅರ್ಥವಾಗಿತ್ತು.

"ನಿಮ್ಮ ಯಜಮಾನರು ತೀರಿಕೊಂಡು ಹನ್ನೆರಡು ವರ್ಷ ಅಂತಿದೆ. ನೋಡಿಮ್ಮ, ಇವು ಯಾರ್ಯಾರದ್ದು ಅಂತ ಹೇಳಿಬಿಡಿ. ನಿಮ್ಮ ಭತ್ಯೆಗೆ ಏನೂ ಆಗಲ್ಲ. ಹೇಳದೇ ಇದ್ರೆ ನಿಮ್ಮದೇ ನಿಲ್ಲುತ್ತೆ."

ಗೋದಾಮಕ್ಕ ನಮ್ಮ ಕಡೆ ನೋಡಿದಳು. ಒಬ್ಬೊಬ್ಬರನ್ನೇ ನೋಡಿದಳು. ನಾನು ಕತ್ತು ಬಗ್ಗಿಸಿದೆ. ಅವಳ ಒಂದು ಮಾತಿಗೆ ನಾಲ್ಕು ಮನೆಯ ಒಲೆ ಆರುತ್ತಿತ್ತು. ನಮ್ಮಲ್ಲಿ ಒಬ್ಬಳಾದರೂ "ಆ ಕಂದು ಚಪ್ಪಲಿ ನಮ್ಮನೆಯವರದ್ದು ಸಾರ್" ಎಂದಿದ್ದರೆ ಅವಳದು ಉಳಿಯುತ್ತಿತ್ತೋ ಏನೋ. 

"ನನ್ನ ಜೊತೆ ಒಬ್ಬರು ಇದ್ದಾರೆ ಸಾರ್," ಎಂದಳು ಅವಳು. "ಅವರದ್ದೇ ಎಲ್ಲ."

ಈ ವಯಸ್ಸಿನಲ್ಲಿ, ನಾಲ್ಕು ಜನರ ಎದುರು, ಹಾಗೆ ಹೇಳಿ ಸೆರಗು ಹೊದ್ದು ನಿಂತಳು. ಅವರು ಬರೆದುಕೊಂಡರು, ಸಹಿ ಹಾಕಿಸಿದರು. ಅವಳ ಭತ್ಯೆ ಅಲ್ಲಿಗೆ ನಿಂತಿತು.

ನಾವೇನು ಕಟುಕರಲ್ಲ. ಒಂದು ತಿಂಗಳು ಸರದಿ ಪ್ರಕಾರ ಅಕ್ಕಿಯೋ ಎಣ್ಣೆಯೋ ಅವಳ ಮನೆಗೆ ಒಯ್ದೆವು. ಆಮೇಲೆ ಒಬ್ಬಳು ಮರೆತಳು, ಅವಳನ್ನು ನೋಡಿ ಇನ್ನೊಬ್ಬಳು. ನಾನು ಎದುರು ಮನೆಯವಳೇ ಆದರೂ ಬಿಟ್ಟೆ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎಂದು ದೊಡ್ಡವರು ಸುಮ್ಮನೆ ಹೇಳಿಲ್ಲ. ಗೋದಾಮಕ್ಕ ಮಧ್ಯಾಹ್ನದ ಮೇಲೆ ಒಂದು ಛತ್ರದಲ್ಲಿ ಪಾತ್ರೆ ತೊಳೆಯಲು ಹೋಗತೊಡಗಿದಳು. "ಮನೇಲಿರೋರು ದುಡಿಯಲ್ವಾ ಅಕ್ಕ?" ಎಂದು ಇಸ್ತ್ರಿಯವಳು ಮೆಟ್ಟಿಲಲ್ಲಿ ಕಿಚಾಯಿಸಿದಾಗ, "ಕಾಲು ಊದಿದೆಯಲ್ಲೇ, ಎಲ್ಲಿಂದ ದುಡೀತಾರೆ," ಎಂದಳಂತೆ. ಎಲ್ಲರೂ ಅದನ್ನು ಹೇಳಿಕೊಂಡು ನಕ್ಕೆವು.

ಆರು ತಿಂಗಳ ಮೇಲೆ ಮತ್ತೆ ಪೈಪು ಬಡಿಯಿತು. ತನಿಖೆಯವರು ಮೇಲಿನಿಂದ ಶುರು ಮಾಡುತ್ತಾರೆಂದು ಈಗ ಗೊತ್ತಿತ್ತಲ್ಲ, ಸಾಮಾನೆಲ್ಲ ನೆಲಮಹಡಿಯ ಅಜ್ಜಿಯ ಮನೆಗೆ ಎಂದು ಮೊದಲೇ ಮಾತಾಗಿತ್ತು. ಅದನ್ನು ಗೋದಾಮಕ್ಕನಿಗೆ ಹೇಳಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ನಾನು ಬಕೆಟ್ಟು ಹಿಡಿದು ಹೊರಬಂದರೆ ಅವಳ ಬಾಗಿಲು ಅಗಲಕ್ಕೆ ತೆರೆದಿತ್ತು. ಮಂಚ ಸರಿಸಿ ಜಾಗ ಮಾಡಿದ್ದಳು, ನೆಲ ಒರೆಸಿ ಇನ್ನೂ ಹಸಿಯಾಗಿತ್ತು.

"ಕೊಡು ಇಲ್ಲಿ," ಎಂದು ಕೈ ಚಾಚಿದಳು.

"ಇಲ್ಲ ಅಕ್ಕ, ಕೆಳಗೆ ಇಡ್ತೀವಿ. ನಿಮ್ಮನೇಲಿ ಗಂಡಸಿದ್ದಾನೆ ಅಂತ ಬರೆದುಬಿಟ್ಟಿದ್ದಾರಲ್ಲ. ನಾವು ಮತ್ತೆ ನಿಮ್ಮ ಬಾಗಿಲಲ್ಲಿ ಕಂಡ್ರೆ ಅನುಮಾನ ಬರುತ್ತೆ."

ಅವಳು ಚಾಚಿದ ಕೈಯನ್ನು ಸೆರಗಿಗೆ ಒರೆಸಿಕೊಂಡಳು. "ಹೌದಲ್ವಾ," ಎಂದಳು. "ನನಗೆ ನೆನಪೇ ಇರ್ಲಿಲ್ಲ."

ನಾನು ದಡದಡ ಇಳಿದು, ಬಕೆಟ್ಟು ಕೊಟ್ಟು, ಹಿಂದಿನ ಮೆಟ್ಟಿಲಿನಿಂದ ಏದುಸಿರು ಬಿಡುತ್ತ ಮನೆ ಸೇರಿದೆ. ತನಿಖೆಯವರು ಬಂದರು. ಒಂದೇ ತಟ್ಟೆ, ಒಂದೇ ಹಾಸಿಗೆ ನೋಡಿ ಸಹಿ ಹಾಕಿಸಿಕೊಂಡರು. ಅವರು ಹೊರಗೆ ಹೋದ ಮೇಲೆ ನಾನು ಚಿಲಕ ಹಾಕಿ ಅಲ್ಲೇ ಒರಗಿ ನಿಂತೆ.

ಹೊರಗೆ ಗೋದಾಮಕ್ಕನ ದನಿ ಕೇಳಿಸಿತು. "ಸಾರ್, ನಮ್ಮನೆ ನೋಡಲ್ವಾ?"

"ನಿಮ್ಮ ಹೆಸರು ಲಿಸ್ಟಲ್ಲಿಲ್ಲಮ್ಮ ಈಗ."

"ಆದ್ರೂ ಒಂದ್ಸಲ ಒಳಗೆ ಬಂದು ನೋಡಿ ಸಾರ್. ಯಾರೂ ಇಲ್ಲ."

"ನೋಡಿದ್ರೂ ಏನೂ ಮಾಡಕ್ಕಾಗಲ್ಲಮ್ಮ, ಅದು ಮುಗೀತು."

"ಭತ್ಯೆಗಲ್ಲ ಸಾರ್," ಎಂದಳು. "ಸುಮ್ನೆ ಬನ್ನಿ."

ಅವರು ಏನೋ ಗೊಣಗಿ ಕೆಳಗಿಳಿದರು. ಮೂರನೇ ಮಹಡಿಯ ಬಾಗಿಲು ತಟ್ಟಿದ ಸದ್ದು ಕೇಳಿತು. ಗೋದಾಮಕ್ಕ ಬಾಗಿಲು ಹಾಕಿಕೊಂಡ ಸದ್ದು ಮಾತ್ರ ಬಹಳ ಹೊತ್ತು ಕೇಳಲಿಲ್ಲ. ನಮ್ಮಿಬ್ಬರ ನಡುವೆ ಇದ್ದದ್ದು ನನ್ನ ಬಾಗಿಲು ಒಂದೇ, ಅದರ ಚಿಲಕ ನನ್ನ ಕೈಯಲ್ಲೇ ಇತ್ತು. ಅವಳು ನನ್ನನ್ನು ಕರೆಯಬಾರದಪ್ಪ ಎಂದು ಬೇಡಿಕೊಳ್ಳುತ್ತ ನಾನು ಉಸಿರು ಬಿಗಿಹಿಡಿದು ನಿಂತಿದ್ದೆ. ಅವಳು ಕರೆಯಲಿಲ್ಲ.