ನೀಲಿಯ ಬೊಟ್ಟು

ಬಿಳಿ ಬಟ್ಟೆಗೆ ಹಾಕುವ ನೀಲಿಯ ಶೀಶೆ ಮೊನ್ನೆ ಬಚ್ಚಲಲ್ಲಿ ಉರುಳಿ, ನನ್ನ ಕೈಕಾಲು, ಸೀರೆ ಎಲ್ಲ ನೀಲಿಯಾದವು. ಬಾಣಂತಿ ಸೊಸೆ ಕೋಣೆಯೊಳಗಿನಿಂದಲೇ ನಕ್ಕಳು. ನನಗೆ ಕುರಸಾವ್ ದ್ವೀಪ ನೆನಪಾಯಿತು.

ನೀವೂ ನಗಬೇಡಿ. ವಳಸಂಗದವಳಾದ ನನಗೆ ಈ ಕಡೆ ಸೋಲಾಪುರ, ಆ ಕಡೆ ಅಕ್ಕಲಕೋಟೆ, ಅಷ್ಟೇ ಭೂಗೋಳ. ಅಳಿಯ ಹಡಗು ರಿಪೇರಿಯವನು. ಹಾಗಾಗಿ ಮಗಳು ಹಡೆದದ್ದು ಡಚ್ಚರ ಅಧೀನದ ಆ ಕೆರಿಬಿಯನ್ ದ್ವೀಪದಲ್ಲಿ. ಶೇಂಗಾ ಚಟ್ನಿ, ಕಡಕ ರೊಟ್ಟಿ ಕಟ್ಟಿಕೊಂಡು ಬಾಣಂತನಕ್ಕೆ ಹೋದೆ. ಅಲ್ಲಿಯವರು ಒಂದೇ ಉಸಿರಿನಲ್ಲಿ ಪೋರ್ಚುಗೀಸು, ಸ್ಪ್ಯಾನಿಷ್, ಡಚ್ಚು, ಆಫ್ರಿಕಾದ ಮಾತು ಎಲ್ಲ ಬೆರೆಸುತ್ತಾರೆ. ನನಗೇನೂ ವಿಚಿತ್ರ ಅನ್ನಿಸಲಿಲ್ಲ. ನಾವೂ ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ಮರಾಠಿ, ಸಿಟ್ಟು ಬಂದರೆ ಎರಡನ್ನೂ ಆಡುವವರೇ.

ಮನೆಯ ಮಾಲಕಿ ಎಲೇನಾ ನನ್ನ ವಯಸ್ಸಿನವಳು. ಮೆಕ್ಕೆಜೋಳದ ಬಿಸಿ ನುಚ್ಚು ಹಿಡಿದು ಕೂಸನ್ನು ನೋಡಲು ಬಂದಳು. ನುಚ್ಚು ತೆಗೆದುಕೊಂಡು ಬಾಗಿಲು ಹಾಕಿದೆ.

"ಯವ್ವಾ, ಪಾಪ, ಕೂಸಿನ್ನ ನೋಡಾಕ ಬಂದಿದ್ಲು. ಬಾಗಲಾ ಯಾಕ ಹಾಕಿದಿ?" ಮಗಳು ಸಿಡುಕಿದಳು.

"ಮಕ್ಕಳಿಲ್ಲದಾಕಿ ಅಂತ ನೀನಽ ಹೇಳಿದ್ದಿ. ಕೂಸಿಗಿ ನದರ ಆದ್ರ ಏನ್ ಮಾಡ್ತಿ?"

ನುಚ್ಚು ಮಾತ್ರ ಇಬ್ಬರೂ ತಿಂದೆವು. ಅಷ್ಟು ನಾಚಿಕೆಗೇಡಿ ನಾನು.

ಮರುದಿನ ಎಲೇನಾ ಮತ್ತೆ ಬಂದು ಹೊಸ್ತಿಲಾಚೆಯೇ ನಿಂತಳು. ಬಟ್ಟಲಲ್ಲಿ ಬಟ್ಟೆಯ ನೀಲಿ. ಮಗಳು ಅವಳ ಮಾತನ್ನು ನನಗೆ ತಿಳಿಸಿದಳು: "ನದರ ಆಗಬಾರದಂತ ಇಲ್ಲಿ ಕೂಸಿನ ಅಂಗಾಲಿಗಿ ಇದನ್ನ ಹಚ್ತಾರಂತ. 'ಮೊದಲ ಹಚ್ರಿ, ಆಮ್ಯಾಲ ನಾ ನೋಡ್ತೀನಿ. ನನ್ನ ಕಣ್ಣೂ ತಾಗಬಾರದು' ಅನ್ನಾಕತ್ತಾಳ."

ಬಾಗಿಲು ಯಾಕೆ ಹಾಕಿದೆನೆಂದು ಅವಳಿಗೆ ತಿಳಿದಿತ್ತು. ಅವಳ ಊರವರೂ ಹಿಂದೆ ಅವಳ ಮುಂದೆ ಹೀಗೆಯೇ ಹಾಕಿರಬೇಕು. ಕೈ ಹಿಡಿದು ಒಳಗೆ ಕರೆತಂದೆ. ಬೊಟ್ಟನ್ನು ಅವಳಿಂದಲೇ ಹಚ್ಚಿಸಿದೆ. ಆಮೇಲೆ ಎರಡು ತಿಂಗಳು, ಬೆನ್ನುನೋವಿನ ನನ್ನನ್ನು ಕೂಡಿಸಿ, ಕೂಸಿಗೆ ನೀರೆರೆದವಳು ಅವಳೇ. ಅವಳ ಋಣ ದೊಡ್ಡದು. ಅದಕ್ಕೆ ಹೇಳಲು ನಾನು ಕಲಿತದ್ದು ಅಲ್ಲಿಯ ಒಂದೇ ಮಾತು, ದಾಂಕಿ, ಅಂದರೆ ಧನ್ಯವಾದ.

ಮೊನ್ನೆ ಬಚ್ಚಲಲ್ಲಿ ಕಾಲು ತಿಕ್ಕುತ್ತಿದ್ದಾಗ ಪಕ್ಕದ ಮನೆಯ ಶಾಂತಾ ನೆನಪಾದಳು. ಅವಳಿಗೂ ಮಕ್ಕಳಿಲ್ಲ. ನಮ್ಮಲ್ಲಿ ಕೂಸು ಹುಟ್ಟಿದಾಗಲೆಲ್ಲ ಗೋಡೆಯ ಮೇಲಿಂದ ಪೇಡೆ ಕೊಟ್ಟಿದ್ದೇನೆ, ಒಳಗೆ ಕರೆದಿಲ್ಲ. ಸೊಸೆಯ ಕೂಸನ್ನು ನೋಡು ಬಾ ಎಂದು ಕೂಗಿ ಕರೆದೆ. ಬಂದು ಮೆಟ್ಟಿಲ ಕೆಳಗೇ ನಿಂತಳು.

"ಬ್ಯಾಡ್ರಿ ವೈನಿ, ನಾ ಇಲ್ಲಿಂದಽ ನೋಡ್ತೀನಿ."

"ಒಳಗ ಬಾರವ್ವ. ನನ್ನ ಕೈ ನೀಲಿ ಆಗ್ಯಾವ. ಕೂಸಿಗಿ ಕಾಡಿಗಿ ನೀನಽ ಹಚ್ಚು."

ಅವಳು ಒಳಗೆ ಬಂದು ಕಾಡಿಗೆಯ ಡಬ್ಬಿಗೆ ಬೆರಳು ಅದ್ದಿದಳು. ಆಮೇಲೆ ಮೆಲ್ಲಗೆ, "ಎಲ್ಲಿ ಹಚ್ಚಲ್ರಿ?" ಅಂದಳು.

ಮೂವತ್ತು ವರ್ಷ ನಮ್ಮ ಪಕ್ಕದಲ್ಲೇ ಇದ್ದವಳಿಗೆ ಅದು ಗೊತ್ತಿರಲಿಲ್ಲ. ಮನಸ್ಸಿನಲ್ಲೇ ಎಲೇನಾಳಿಗೆ ದಾಂಕಿ ಹೇಳಿ, ಕೂಸಿನ ಅಂಗಾಲನ್ನು ಶಾಂತಾಳ ಮುಂದೆ ಹಿಡಿದೆ.