ಮಗಳು ನುಂಗಿದ ರಕ್ತದ ಮಾತ್ರೆ

ಗುಂಡ್ಲುಪೇಟೆ ತಾಲ್ಲೂಕಿನ ನಮ್ಮೂರಿಗೆ ನಾನೇ ಆಶಾ ಕಾರ್ಯಕರ್ತೆ. ಕಬ್ಬಿಣದ ಮಾತ್ರೆ ನುಂಗಿಸುವುದರಲ್ಲಿ ನನ್ನಷ್ಟು ಕಟ್ಟುನಿಟ್ಟಿನವಳು ಇನ್ನೊಬ್ಬಳಿಲ್ಲ ಅನ್ನುವ ಜಂಬ ನನಗಿತ್ತು. ಊರವರು ಅದನ್ನು ರಕ್ತದ ಮಾತ್ರೆ ಅನ್ನುತ್ತಾರೆ. ಹುಡುಗಿಯರು ಅದನ್ನು ನಾಲಗೆಯಡಿ ಅಡಗಿಸಿಕೊಂಡು, ನಾನು ಆ ಕಡೆ ತಿರುಗಿದ ಕೂಡಲೇ ಚೆಂಡುಹೂವಿನ ಹೊಲಕ್ಕೆ ಉಗಿಯುತ್ತಿದ್ದರು. ಅದಕ್ಕೇ ಎದುರಲ್ಲೇ ನುಂಗಿಸಿ, "ಬಾಯಿ ತಗಿ, ನಾಲ್ಗೆ ಎತ್ತು" ಅಂತ ಗದರಿಸಿ ನೋಡುತ್ತಿದ್ದೆ.

ನನ್ನ ಮಗಳಿಗೆ ಚಿಕ್ಕಂದಿನಿಂದಲೂ ರಕ್ತ ಕಮ್ಮಿ. ತಾಲ್ಲೂಕು ಆಸ್ಪತ್ರೆಯಲ್ಲಿ ಎಷ್ಟೋ ಸಲ ರಕ್ತ ಏರಿಸಿದ್ದೂ ಆಗಿತ್ತು, ಯಾಕೆ ಕಮ್ಮಿ ಅಂತ ಮಾತ್ರ ಪರೀಕ್ಷೆ ಮಾಡಿಸಿರಲಿಲ್ಲ. ಹದಿನಾಲ್ಕು ತುಂಬಿದರೂ ನೋಡುವವರಿಗೆ ಒಂಬತ್ತು ವರ್ಷದವಳು. ದೊಡ್ಡ ಡಾಕ್ಟರಿಗೆ ತೋರಿಸೋಣ ಅಂತ ಗಂಡ ಹೇಳಿದಾಗೆಲ್ಲ, "ನಂಗೊತ್ತಿಲ್ವಾ, ಸುಮ್ಕಿರಿ" ಅಂದು ಬಾಯಿ ಮುಚ್ಚಿಸುತ್ತಿದ್ದೆ. ಬೇರೆ ಮಕ್ಕಳಿಗೆ ವಾರಕ್ಕೊಂದು ಮಾತ್ರೆ. ನನ್ನ ಮಗಳಿಗೆ ದಿನಕ್ಕೊಂದು, ವರ್ಷಗಟ್ಟಲೆ.

ಬರಬರುತ್ತಾ ಉಣ್ಣಲು ಕೂತರೆ ಅವಳದು ಒಂದೇ ರಾಗ. "ಸಾರು ಸಪ್ಪೆ ಕಣವ್ವ." ಉಪ್ಪು ಹಾಕಿದರೂ ಸಪ್ಪೆ, ಉಪ್ಪಿನಕಾಯಿ ಬಡಿಸಿದರೂ ಸಪ್ಪೆ. "ನಾಲ್ಗೆ ಕೊಬ್ಬದ ಕಣಮ್ಮಿ ನಿಂಗೆ, ಮುಚ್ಕೊಂಡು ಉಣ್ಣು" ಅಂತ ಒಂದು ದಿನ ತಲೆಗೆ ಮೊಟಕಿಯೂಬಿಟ್ಟೆ. ಕಾಲಿನ ತರಚುಗಾಯ ಎರಡು ತಿಂಗಳಾದರೂ ಮಾಯಲಿಲ್ಲ. ಆಮೇಲೆ ನಾಲ್ಕು ಹೆಜ್ಜೆ ನಡೆದರೆ ಏದುಸಿರು ಶುರುವಾಯಿತು. ಆಗ ಚಾಮರಾಜನಗರಕ್ಕೆ ಕರೆದುಕೊಂಡು ಓಡಿದೆ.

ಅಲ್ಲಿನ ಡಾಕ್ಟರು ಪರೀಕ್ಷೆಯ ಚೀಟಿ ನೋಡಿ ನನ್ನ ಮುಖ ನೋಡಿದರು. "ಇದು ಹುಟ್ಟಿನಿಂದಲೇ ಬಂದಿರೋ ರಕ್ತದ ಕಾಯಿಲೆ ಕಣಮ್ಮ, ತಲಸ್ಸೇಮಿಯ. ಕಬ್ಬಿಣ ಇವಳಿಗೆ ಕಮ್ಮಿ ಇಲ್ಲ, ಮೈಯಲ್ಲೆಲ್ಲ ತುಂಬಿಹೋಗಿದೆ. ಕಮ್ಮಿ ಆಗಿರೋದು ಜಿಂಕು. ಅದಕ್ಕೇ ಬಾಯಿಗೆ ರುಚಿ ಇಲ್ಲ, ಗಾಯ ಮಾಯ್ತಿಲ್ಲ. ಏರಿಸಿದ ರಕ್ತದಿಂದ ಬಂದ ಕಬ್ಬಿಣವೇ ಜಾಸ್ತಿ, ಅದರ ಮೇಲೆ ಮಾತ್ರೆ ಬೇರೆ. ಯಾರು ಕೊಡ್ತಿದ್ದೋರು?"

ನಾನು ಆಶಾ ಸೀರೆಯಲ್ಲೇ ಹೋಗಿದ್ದೆ. "ನಾನೇ ಸಾರ್" ಅಂದೆ. ಅವರು ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕಬ್ಬಿಣ ಇಳಿಸುವ ಔಷಧಿ ಬರೆದರು, ಜಿಂಕಿನ ಮಾತ್ರೆ ಬರೆದರು. ಹೃದಯದಲ್ಲೂ ಕಬ್ಬಿಣ ತುಂಬಿಕೊಂಡಿದೆ, ಹೃದಯ ಎಷ್ಟು ದಿನ ತಡೆಯುತ್ತದೋ ಹೇಳಲಾರೆ ಅಂದರು. ಅಯ್ಯೋ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!

ವಾಪಸ್ಸು ಬರುವಾಗ ಬಸ್ಸಿನಲ್ಲಿ ಅವಳೇ ನನ್ನ ಕಣ್ಣೊರೆಸಿದಳು. "ಅಳ್ಬ್ಯಾಡ ಕಣವ್ವ. ನಿಂಗೇನ್ ಗೊತ್ತಿತ್ತು?"

ಗೊತ್ತಿರಲಿಲ್ಲ, ನಿಜ. ಗೊತ್ತಿದೆ ಅಂದುಕೊಂಡಿದ್ದೆನಲ್ಲ, ಅದೇ ಹೊಟ್ಟೆ ಉರಿಸುವುದು. ಊರಿನ ಅಷ್ಟೂ ಹುಡುಗಿಯರು ಒಂದಲ್ಲ ಒಂದು ದಿನ ಮಾತ್ರೆ ಉಗಿದವರೇ. ಇವಳು ಅಮ್ಮನ ಮಾತು ಮೀರಿ ಒಂದನ್ನೂ ಉಗಿದವಳಲ್ಲ.

ಮನೆಗೆ ಬಂದು ಜಿಂಕಿನ ಮೊದಲ ಮಾತ್ರೆ ಅವಳ ಕೈಗಿಟ್ಟು, ಲೋಟದಲ್ಲಿ ನೀರು ಕೊಟ್ಟೆ. ಗುಟುಕರಿಸಿ ನುಂಗಿದಳು. ನಾನು ಏನೂ ಹೇಳಿರಲಿಲ್ಲ. ಅವಳೇ ನನ್ನ ಕಡೆ ತಿರುಗಿ, ಬಾಯಿ ತೆರೆದು, ನಾಲಗೆ ಎತ್ತಿ ತೋರಿಸಿದಳು.