ಕಾಫಿ ಪಿಟ್ಟಿನ ದಲ್ಲಾಳಿಗೆ ನಾನು ಹೇಳದ ಮಾತು

ಆ ವರ್ಷಗಳಲ್ಲಿ ನಾನು ನ್ಯೂಜೆರ್ಸಿಯ ಮೆಟುಚೆನ್‌ನಲ್ಲಿ ಬೆಳಗಿನ ಟ್ರೈನ್ ಹತ್ತಿ, ನ್ಯೂವಾರ್ಕ್‌ನಲ್ಲಿ ಇನ್ನೊಂದಕ್ಕೆ ಬದಲಿಸಿ, ಮ್ಯಾನ್‌ಹ್ಯಾಟನ್ನಿನ ದಕ್ಷಿಣ ತುದಿಯಲ್ಲಿದ್ದ ಒಂದು ಎಕ್ಸ್‌ಚೇಂಜಿಗೆ ಹೋಗುತ್ತಿದ್ದೆ. ಅಲ್ಲಿ ವ್ಯಾಪಾರವಾಗುತ್ತಿದ್ದುದು ಕಾಫಿ, ಸಕ್ಕರೆ, ಹತ್ತಿ. ಕಣ್ಣೆದುರಿನ ಕಾಫಿಯಲ್ಲ, ಮುಂದೆಂದೋ ಬರಲಿರುವ ಕಾಫಿಗೆ ಇವತ್ತೇ ಬೆಲೆ ಕಟ್ಟಿ ಕೊಳ್ಳುವುದು, ಮಾರುವುದು. ಸುತ್ತಲೂ ಮೆಟ್ಟಿಲುಗಳಿದ್ದ ತಗ್ಗಾದ ಜಾಗಕ್ಕೆ ಪಿಟ್ ಎನ್ನುತ್ತಿದ್ದರು. ಬಣ್ಣಬಣ್ಣದ ಜಾಕೆಟ್ಟಿನ ದಲ್ಲಾಳಿಗಳು ಆ ಮೆಟ್ಟಿಲುಗಳ ಮೇಲೆ ಒತ್ತೊತ್ತಾಗಿ ನಿಂತು ಬೆಲೆ ಕೂಗುತ್ತಿದ್ದರು. ಅಂಗೈ ತಮ್ಮ ಕಡೆಗಿದ್ದರೆ ಕೊಳ್ಳುತ್ತೇನೆ, ಎದುರಿನವರ ಕಡೆಗಿದ್ದರೆ ಮಾರುತ್ತೇನೆ ಎಂದರ್ಥ. ಆ ಕೂಗಿನ ವ್ಯಾಪಾರವನ್ನು ಕಂಪ್ಯೂಟರಿಗೆ ತರುವ ತಂಡದಲ್ಲಿ ನಾನಿದ್ದೆ. ಜೊತೆಗೆ ಅದನ್ನು ಅದೇ ದಲ್ಲಾಳಿಗಳಿಗೆ ಕಲಿಸುವ ಕೆಲಸವೂ ನನ್ನ ಪಾಲಿಗೆ ಬಂತು.

ಕಲಿಯಲು ಮನಸ್ಸಿಟ್ಟು ಬಂದವರು ಒಬ್ಬರೇ. ಐವತ್ತು ದಾಟಿದ್ದ ಅವರು ಹೈಸ್ಕೂಲ್ ಮುಗಿಸಿದ ವರ್ಷವೇ ಕಾಫಿ ಪಿಟ್ಟಿಗಿಳಿದವರು. ಕೂಗಿ ಕೂಗಿ ಗಂಟಲಲ್ಲಿ ಗಂಟಾಗಿ ಎರಡು ಸಲ ಆಪರೇಷನ್ ಆಗಿತ್ತು. ಮಾತು ತರಗೆಲೆ ತುಳಿದಂತೆ ಕೇಳಿಸುತ್ತಿತ್ತು. ಕಂಪ್ಯೂಟರ್ ಬಂದರೆ ಗಂಟಲು ಉಳಿಯುತ್ತದೆ ಎಂದು ಅವರು ನಂಬಿದ್ದರು. ಮಧ್ಯಾಹ್ನ ವ್ಯಾಪಾರ ಮುಗಿದ ಮೇಲೆ ನನ್ನ ಪಕ್ಕ ಕೂತು, ದಪ್ಪ ಬೆರಳುಗಳಲ್ಲಿ ಒಂದೊಂದೇ ಕೀ ಹುಡುಕಿ ಒತ್ತುತ್ತಿದ್ದರು. ನಾನು ಕಾಫಿ ಬೆಳೆಯುವ ನಾಡಿನವಳೆಂದು ತಿಳಿದ ದಿನ, ಗಿಡ ಹೇಗಿರುತ್ತದೆ ಎಂದು ಕೇಳಿದರು. ಅವರು ಇಷ್ಟು ವರ್ಷ ಕಾಫಿ ಮಾರಿದ್ದರೂ ಗಿಡ ಕಂಡಿರಲಿಲ್ಲ. ಮೈಸೂರಿನ ಅಂಗಡಿಯಲ್ಲಿ ಪುಡಿ ಮಾಡಿಸಿ ತರುತ್ತಿದ್ದ ನಾನೂ ಕಂಡಿರಲಿಲ್ಲ. ಇಬ್ಬರೂ ನಕ್ಕೆವು.

ಚಳಿಗಾಲದ ಕೊನೆಗೆ ನಮ್ಮ ಮ್ಯಾನೇಜರ್ ತಂಡವನ್ನು ಒಳಗೆ ಕರೆದು ಬಾಗಿಲು ಹಾಕಿದರು. ಬೇಸಿಗೆಗೆ ಮೊದಲೇ ಕಾಫಿ ಪಿಟ್ ಮುಚ್ಚುತ್ತದೆ, ಪ್ರಕಟವಾಗುವವರೆಗೆ ಯಾರೂ ಬಾಯಿ ಬಿಡಬಾರದು ಎಂದರು. ಕೇಳಿದವರಿಗೆ ಪಿಟ್ಟೂ ಕಂಪ್ಯೂಟರೂ ಜೊತೆಜೊತೆಗೆ ನಡೆಯುತ್ತವೆ ಎಂದಷ್ಟೇ ಹೇಳಬೇಕು. ಎಲ್ಲರೂ ಒಂದು ಕಾಗದಕ್ಕೆ ಸಹಿ ಹಾಕಿದೆವು.

ಅದಾಗಿ ವಾರವೂ ಕಳೆದಿರಲಿಲ್ಲ, ಆ ದಲ್ಲಾಳಿ ಪಾಠದ ನಡುವೆ ಕೈ ನಿಲ್ಲಿಸಿದರು. ಅವರ ಭಾವನಿಗೆ ಮನೆಗಳ ಹೀಟರ್ ರಿಪೇರಿ ಮಾಡುವ ವ್ಯವಹಾರವಿತ್ತಂತೆ. ಜೊತೆಗೆ ಬಾ ಎಂದು ಕರೆಯುತ್ತಿದ್ದ, ಭಾನುವಾರದೊಳಗೆ ಉತ್ತರ ಬೇಕೆಂದಿದ್ದ.

"ನೀನು ಒಳಗಿನವಳು. ನಿಜ ಹೇಳು, ಪಿಟ್ ಉಳಿಯತ್ತಾ?" ಎಂದು ಕೇಳಿದರು.

ನಾಳೆ ಹೇಳುತ್ತೇನೆ ಎನ್ನುವಷ್ಟೂ ತೋಚಲಿಲ್ಲ. "ಎರಡೂ ಜೊತೆಗೇ ನಡೆಯತ್ತೆ ಅಂತಿದಾರೆ" ಎಂದೆ. ಅವರು ತಲೆಯಾಡಿಸಿ ಮತ್ತೆ ಕೀಬೋರ್ಡಿನ ಮೇಲೆ ಬಗ್ಗಿದರು.

ಮನೆಗೆ ಬಂದು ಗಂಡನಿಗೆ ಹೇಳಿದೆ. ಭಾನುವಾರಕ್ಕೆ ಇನ್ನೂ ಮೂರು ದಿನವಿತ್ತು. ಬಾಸ್ಕಿಂಗ್ ರಿಡ್ಜ್‌ನ ತನ್ನ ಆಫೀಸಿನಿಂದ ಡ್ರೈವ್ ಮಾಡಿಕೊಂಡು ಬಂದು ಅವನೂ ದಣಿದಿದ್ದ. ನಮ್ಮಿಬ್ಬರ ಗ್ರೀನ್ ಕಾರ್ಡ್ ಅರ್ಜಿ ಇದ್ದದ್ದು ನನ್ನ ಕೆಲಸದ ಮೇಲೆ.

"ಹೇಳಿದ್ದು ನೀನೇ ಅಂತ ಗೊತ್ತಾದ್ರೆ ಕೆಲಸ ಹೋಗತ್ತೆ. ಕೆಲಸ ಹೋದ್ರೆ ಫೈಲೂ ಹೋಗತ್ತೆ. ಇಷ್ಟು ವರ್ಷ ಕಾದಿದೀವಿ ಕಣೇ" ಎಂದ. ಆಮೇಲೆ, "ಅವ್ರಿಗೂ ಅನುಭವ ಇದೆ, ಅರ್ಥ ಮಾಡ್ಕೋತಾರೆ ಬಿಡು" ಎಂದ. ಅದು ಅವನಿಗೂ ನಂಬಿಕೆಯಿಲ್ಲದ ಮಾತೆಂದು ಗೊತ್ತಿದ್ದರೂ ನಾನು ಅದಕ್ಕೇ ಜೋತುಬಿದ್ದೆ. ಮರುದಿನ ಎರಡು ಸಲ ಪಿಟ್ಟಿನವರೆಗೆ ಹೋಗಿ ಹಿಂತಿರುಗಿದೆ.

ಸೋಮವಾರ ಅವರು ಹಗುರಾಗಿ ಬಂದರು. ಭಾವನಿಗೆ ಬೇಡವೆಂದು ಹೇಳಿಬಿಟ್ಟಿದ್ದರು.

ಎರಡು ತಿಂಗಳಿಗೆ ಪಿಟ್ ಮುಚ್ಚುವ ಸುದ್ದಿಯನ್ನು ಗೋಡೆಗೆ ಅಂಟಿಸಿದರು. ಬೈಗುಳ ಕೇಳಲು ಸಿದ್ಧಳಾಗಿ ನಿಂತಿದ್ದೆ. ಅವರು ನನ್ನ ಮೇಜಿನ ಬಳಿ ಬಂದು, "ಪಾಪ, ನಿನಗೂ ಹೇಳಿರಲಿಲ್ಲ ಅಲ್ವಾ?" ಎಂದರು. ನಾನು ಇಲ್ಲ ಎನ್ನಲಿಲ್ಲ, ಹೌದು ಎನ್ನಲೂ ಇಲ್ಲ. ಕೊನೆಯ ದಿನ ಕೆಲವರು ಜಾಕೆಟ್ಟುಗಳಿಗೆ ಒಬ್ಬರಿಂದೊಬ್ಬರು ಸಹಿ ಹಾಕಿಸಿಕೊಳ್ಳುತ್ತಿದ್ದರು. ಆ ದಲ್ಲಾಳಿ ತಮ್ಮ ಹೆಂಡತಿಯನ್ನು ಕರೆತಂದು, ತನಗೆ ತಾಳ್ಮೆಯಿಂದ ಕಲಿಸಿದವಳು ಇವಳೇ ಎಂದು ನನ್ನನ್ನು ತೋರಿಸಿದರು. ಆಕೆ ನನ್ನ ಎರಡೂ ಕೈ ಹಿಡಿದುಕೊಂಡಾಗ ಎಲ್ಲಿ ನೋಡಬೇಕೋ ತಿಳಿಯಲಿಲ್ಲ.

ಅದೇ ಕಟ್ಟಡದ ಮೇಲಿನ ಅಂತಸ್ತಿನ ಬಾಡಿಗೆ ಕೋಣೆಯಲ್ಲಿ ಅವರು ಕೆಲವು ತಿಂಗಳು ಕಂಪ್ಯೂಟರಿನಲ್ಲಿ ವ್ಯಾಪಾರ ಮಾಡಿದರು. ಎದುರಿಗಿರುವವನ ಕಣ್ಣು ನೋಡಿ ಬೆಲೆ ಹೇಳಿದವರಿಗೆ ಬರೀ ಅಂಕಿಗಳಲ್ಲಿ ಏನೂ ಓದಲಾಗಲಿಲ್ಲ. ಒಂದು ಕೀ ಒತ್ತುವಷ್ಟರಲ್ಲಿ ಬೆಲೆ ಓಡಿಹೋಗಿರುತ್ತಿತ್ತು. ಶರತ್ಕಾಲದ ಹೊತ್ತಿಗೆ ಆ ಕೋಣೆ ಬಿಟ್ಟರು. ಭಾವ ಅಷ್ಟರಲ್ಲಿ ಬೇರೆಯವರನ್ನು ಸೇರಿಸಿಕೊಂಡಿದ್ದ.

ನಮಗೆ ಮುಂದಿನ ವರ್ಷ ಗ್ರೀನ್ ಕಾರ್ಡ್ ಬಂತು. ಗಂಡ ಪಕ್ಕದ ಊರು ಎಡಿಸನ್ನಿನ ಇಂಡಿಯನ್ ಅಂಗಡಿಯಿಂದ ಸ್ವೀಟ್ಸ್ ತಂದ. ಅದೇ ತಿಂಗಳು ಆ ದಲ್ಲಾಳಿಯ ಫೋನ್ ಬಂತು. ನಿಮ್ಮಲ್ಲಿ ನನಗೆ ಏನಾದರೂ ಕೆಲಸ ಇದೆಯಾ, ಈಗ ಟೈಪ್ ಮಾಡುವುದು ಚೆನ್ನಾಗಿ ಬರುತ್ತದೆ ಎಂದರು. ಧ್ವನಿ ಇನ್ನಷ್ಟು ಸವೆದಿತ್ತು. ಅವರ ರೆಸ್ಯೂಮೆ ತರಿಸಿಕೊಂಡು ನನಗೆ ಗೊತ್ತಿದ್ದವರಿಗೆಲ್ಲ ಕಳಿಸಿದೆ. ಕಾಲೇಜು ಎಂಬಲ್ಲಿ ಖಾಲಿ ಇದ್ದ ಆ ಹಾಳೆಯನ್ನು ಯಾರೂ ಎರಡನೆಯ ಸಲ ನೋಡಲಿಲ್ಲ. ಎರಡನೆಯ ಸಲ ಫೋನ್ ಮಾಡಿದಾಗ ಇನ್ನೂ ನೋಡುತ್ತಿದ್ದೇನೆ ಎಂದೆ. ಮೂರನೆಯ ಸಲ ಅವರ ನಂಬರ್ ಕಂಡು, ರಿಂಗ್ ನಿಲ್ಲುವವರೆಗೂ ಫೋನನ್ನು ಕೈಯಲ್ಲಿ ಹಿಡಿದು ಕೂತಿದ್ದೆ.